ಹಂಪಾಪುರದಲ್ಲಿ ಸತ್ತ ಟರ್ಬೊ

ಕಬಿನಿ ಹಿನ್ನೀರಿನಲ್ಲಿ ಆರು ವರ್ಷ ಮುಳುಗಿದ್ದ ಜೀಪೊಂದನ್ನು ನಾನು ಬರೀ ಶಿಳ್ಳೆ ಹೊಡೆದು ಸ್ಟಾರ್ಟ್ ಮಾಡಿದ್ದೇನೆ. ಮೊದಲ ಶಿಳ್ಳೆಗೆ ಹೆಡ್‌ಲೈಟ್ ಹತ್ತಿತು. ಎರಡನೆಯದಕ್ಕೆ ಇಂಜಿನ್ ಕೆಮ್ಮಿತು. ಮೂರನೆಯದಕ್ಕೆ ಗಾಡಿ ತಾನೇ ದಡ ಹತ್ತಿ ಬಂದು ನನ್ನ ಕಾಲ ಬಳಿ ನಿಂತಿತು. ನೀರಿಗೆ ಬಂದಿದ್ದ ಎರಡು ಆನೆಗಳು ಪಕ್ಕಕ್ಕೆ ಸರಿದು ದಾರಿ ಬಿಟ್ಟವು. ಅದರಲ್ಲಿ ಒಂದು ಸೊಂಡಿಲೆತ್ತಿ ನಮಸ್ಕಾರ ಮಾಡಿದ್ದನ್ನು ಮಾತ್ರ ನಾನು ಎಲ್ಲೂ ಹೇಳಿಕೊಳ್ಳುವುದಿಲ್ಲ. ಜಂಬ ಎಂದುಕೊಳ್ಳುತ್ತಾರೆ.

ಇಂಥ ನನ್ನನ್ನು, ಅಂದರೆ ಎಚ್.ಡಿ. ಕೋಟೆ ಹ್ಯಾಂಡ್‌ಪೋಸ್ಟಿನ ಮೆಕ್ಯಾನಿಕ್ ಚೆಲುವರಾಜುವನ್ನು, ಜೂನ್ ಹದಿನಾರರ ಸೋಮವಾರ ಬೆಳಿಗ್ಗೆ ಆಶಾರಾಣಿ ಫೋನ್ ಮಾಡಿ ಕರೆದಳು. ಅವಳು ಹೇಳಿದ್ದು ಮೂರೇ ಮಾತು. ಕಾರು ನಿಂತಿದೆ. ಹಂಪಾಪುರ. ಬನ್ನಿ.

ಬಸ್ಸಿಗೆ ಅರ್ಧ ಗಂಟೆಯ ದಾರಿ. ನನ್ನ ಬೈಕು ನಾಲ್ಕು ನಿಮಿಷ ತೆಗೆದುಕೊಂಡಿತು.

ಕಾರು ರಸ್ತೆಯ ಎಡಕ್ಕೆ, ಹತ್ತಿ ಹೊಲದ ಬದಿಗೆ ನಿಂತಿತ್ತು. ಬಾನೆಟ್ ತೆರೆದಿತ್ತು. ನೀಲಿ ಹೊಗೆ ಇನ್ನೂ ಎಳೆಎಳೆಯಾಗಿ ಏಳುತ್ತಿತ್ತು. ಎದುರಿನ ಟೀ ಅಂಗಡಿಯ ಜನ ಲೋಟ ಹಿಡಿದುಕೊಂಡೇ ಬಂದು ಸುತ್ತ ನೆರೆದಿದ್ದರು. ಆಶಾರಾಣಿ ಕೈಕಟ್ಟಿ ನಿಂತಿದ್ದಳು. ಅಳುತ್ತಿರಲಿಲ್ಲ. ಅತ್ತಿದ್ದರೆ ನನಗೆ ಸುಲಭವಾಗುತ್ತಿತ್ತು.

ಅವಳಿಗೆ ಮೂವತ್ತೈದು ವರ್ಷ. ಕೋಟೆಯ ಸುತ್ತಿನ ನಾಲ್ವರು ಡಯಾಲಿಸಿಸ್ ರೋಗಿಗಳನ್ನು ವಾರಕ್ಕೆ ಮೂರು ದಿನ ಮೈಸೂರಿಗೆ ಕರೆದೊಯ್ದು ಕರೆತರುವ ಕೆಲಸ. ಅದಕ್ಕೆಂದೇ ಎರಡು ತಿಂಗಳ ಹಿಂದೆ ಹುಣಸೂರಿನಲ್ಲಿ ಈ ಸೆಕೆಂಡ್‌ಹ್ಯಾಂಡ್ ಟರ್ಬೊ ಪೆಟ್ರೋಲ್ ಕಾರು ಕೊಂಡಿದ್ದಳು. ಆ ದಾರಿಯಲ್ಲಿ ಟ್ಯಾಕ್ಸಿ ಓಡಿಸುವ ಹೆಂಗಸು ಅವಳೊಬ್ಬಳೇ.

ನಡೆದದ್ದನ್ನು ಅವಳು ಪೊಲೀಸ್ ವರದಿಯ ಹಾಗೆ ಹೇಳಿದಳು. ಊರಿನ ಬೋರ್ಡು ದಾಟಿದ ಕೂಡಲೇ ಕುಕ್ಕರ್ ಕೂಗಿದಂಥ ಸದ್ದು. ಹಿಂದೆ ನೀಲಿ ಹೊಗೆ. ಆಯಿಲ್ಲಿನ ಕೆಂಪು ದೀಪ. ದೀಪ ಕಂಡ ಜಾಗದಲ್ಲೇ ನಿಲ್ಲಿಸಿದ್ದಾಳೆ. ಆಮೇಲೆ ಇಂಜಿನ್ ಮಿಸುಕಲಿಲ್ಲ. ಎರಡೇ ನಿಮಿಷಕ್ಕೆ ಹಿಂದಿನಿಂದ ನಂಜುಂಡೇಶನ ವ್ಯಾನು ಬಂತು. ಅವನೂ ಟ್ಯಾಕ್ಸಿಯವನೇ. ನಾಲ್ವರನ್ನೂ ಹತ್ತಿಸಿಕೊಂಡು ಮೈಸೂರಿಗೆ ಹೋದ.

ಟೀ ಅಂಗಡಿಯವನು ಆಗಲೇ ತೀರ್ಪು ಕೊಟ್ಟಾಗಿತ್ತು. ಹೆಂಗಸರ ಕಾಲು ಆಕ್ಸಿಲೇಟರ್ ಮೇಲೆ ಭಾರವಂತೆ, ಟರ್ಬೊ ಗಾಡಿ ಅವರ ಕೈಗೆ ಬಾಳುವುದಿಲ್ಲವಂತೆ. ನಿಂತವರೆಲ್ಲ ತಲೆದೂಗಿದರು. ನಾನು ಸುಮ್ಮನಿದ್ದೆ. ಮೇಧಾವಿಗಳು ಅವಸರದಲ್ಲಿ ಮಾತಾಡುವುದಿಲ್ಲ.

ಆಯಿಲ್ ಅಳೆಯುವ ಡಿಪ್‌ಸ್ಟಿಕ್ ಎಳೆದೆ. ಮೂಸಿದೆ. ಒಂದು ಗಳಿಗೆ ನನಗೆ ಮಾತು ಹೊರಡಲಿಲ್ಲ. ನಾನು ಒಂದು ಗಳಿಗೆ ಮಾತಾಡದೇ ಇದ್ದದ್ದು ತಾಲ್ಲೂಕಿನ ಚರಿತ್ರೆಯಲ್ಲೇ ಮೊದಲು.

ಆಮೇಲೆ ಎಲ್ಲರಿಗೂ ಕೇಳುವ ಹಾಗೆ ಹೇಳಿದೆ. "ಇದು ತಾನಾಗಿ ಸತ್ತಿದ್ದಲ್ಲ ಕಣ್ರಪ್ಪ. ಕೊಲೆ."

ಆಶಾರಾಣಿ ನನ್ನ ಕೈಯಿಂದ ಡಿಪ್‌ಸ್ಟಿಕ್ ತೆಗೆದುಕೊಂಡಳು. ರೋಗಿಗಳಿಗೆಂದು ಕಾರಿನಲ್ಲಿ ಇಡುತ್ತಿದ್ದ ಬಿಳಿ ಟವಲಿನ ತುದಿಗೆ ಅದನ್ನು ಒರೆಸಿದಳು. ಟವಲನ್ನು ಮಡಿಸಿ ಪ್ಲಾಸ್ಟಿಕ್ ಕವರಿಗೆ ಹಾಕಿ ಗಂಟು ಕಟ್ಟಿದಳು. ಹೆಂಗಸರಿಗೆ ಏನು ಸಿಕ್ಕರೂ ಎತ್ತಿಡುವ ಅಭ್ಯಾಸ ಎಂದುಕೊಂಡೆ.

"ಚೆಲುವಣ್ಣ," ಎಂದಳು. "ಯಾರು ಮಾಡಿದ್ದು ಅಂತ ನಂಗೆ ಗೊತ್ತಾಗಬೇಕು. ಪೊಲೀಸು ಪಂಚಾಯ್ತಿ ಯಾವ್ದೂ ಬ್ಯಾಡ. ಅವನನ್ನ ನನ್ನ ಕೈಗೆ ಕೊಟ್ಬುಡಿ, ಸಾಕು."

"ಏನ್ ಮಾಡ್ತೀಯವ್ವ?"

"ಅವನಿಗೆ ಯಾವುದು ಹೆಚ್ಚು ನೋಯ್ತದೋ ಅದು."

ಮಧ್ಯಾಹ್ನಕ್ಕೆ ಗಡುವೂ ಬಂತು. ರೋಗಿಗಳಲ್ಲಿ ಹಿರಿಯಳಾದ ಬಸವಮ್ಮನ ಮಗ ಮಹೇಶ್‌ಕುಮಾರ್ ಫೋನ್ ಮಾಡಿದ್ದ. ನಾಲ್ಕೂ ಮನೆಯವರು ಗುರುವಾರ ಸಂಜೆ ಸೇರಿ ತೀರ್ಮಾನ ಮಾಡುತ್ತಾರೆ. ತಪ್ಪು ಓಡಿಸಿದವಳದ್ದಾದರೆ ಇನ್ನು ಮೇಲೆ ಆ ಕೆಲಸ ನಂಜುಂಡೇಶನಿಗೆ. ಇಂಜಿನ್ ಕೊಂದವಳು ಎಂಬ ಹೆಸರು ಬಿದ್ದರೆ ಇಡೀ ತಾಲ್ಲೂಕಿನಲ್ಲಿ ಅವಳ ಗಾಡಿ ಹತ್ತುವವರು ಯಾರೂ ಇರುವುದಿಲ್ಲ.

ಕೇಸು ನಾನು ಕೈಗೆತ್ತಿಕೊಂಡೆ. ಅಥವಾ ಕೇಸೇ ನನ್ನ ಕೈ ಹಿಡಿಯಿತು.

* * *

ಹತ್ತು ದಿನ ಹಿಂದಕ್ಕೆ ಹೋಗಬೇಕು.

ಆಗ ಆಶಾರಾಣಿ ನನ್ನ ಶೆಡ್ಡಿಗೆ ಬಂದು, ಆಯಿಲ್ ಹಾಕುವ ಮುಚ್ಚಳ ತಿರುಗಿಸಿ, ಒಳಗೆ ಬೆರಳಾಡಿಸಿ ತೋರಿಸಿದ್ದಳು. ಕಂದು ಬಣ್ಣದ ಪದರ. ಮೆತ್ತಿದ್ದಲ್ಲ, ಕಚ್ಚಿಕೊಂಡಿದ್ದು. ಹಳೇ ಆಯಿಲ್ ಕಾದು ಕಾದು ಲೋಹದ ಮೇಲೆ ವಾರ್ನಿಷ್ ಹೊಡೆದಂತೆ ಗಟ್ಟಿಯಾಗಿತ್ತು. ಇದಕ್ಕೆ ಯಾವ ಆಯಿಲ್ ಹಾಕಬೇಕು ಎಂಬುದು ಅವಳ ಪ್ರಶ್ನೆ.

ನಮ್ಮ ಸೀಮೆಯಲ್ಲಿ ಆ ಪ್ರಶ್ನೆಗೆ ಉತ್ತರ ಕೊಡಬಲ್ಲವರು ಇಬ್ಬರೇ. ಒಬ್ಬ ನಾನು. ಇನ್ನೊಬ್ಬರು ಹುಣಸೂರಿನ ಆಯಿಲ್ ಅಂಗಡಿಯ ಪುಟ್ಟಮಲ್ಲಪ್ಪನವರು. ಅವಳು ಇನ್ನೊಬ್ಬರ ಹತ್ತಿರ ಹೊರಟಳು. ಜೊತೆಗೆ ನನ್ನನ್ನೂ ಕರೆದುಕೊಂಡು ಹೋದಳು.

ಪುಟ್ಟಮಲ್ಲಪ್ಪನವರು ಹಣೆಯ ಮೇಲೆ ವಿಭೂತಿ, ಮೂಗಿನ ತುದಿಗೆ ಕನ್ನಡಕ ಇಟ್ಟುಕೊಂಡು ಕಾರಿನ ಪುಸ್ತಕ ಪೂರ್ತಿ ಓದಿದರು. ಹಾದಿಯುದ್ದಕ್ಕೂ ನಾನು ಅವಳಿಗೆ ದಪ್ಪ ಆಯಿಲ್ ಹಾಕಿಸು, ಸದ್ದು ಅಡಗುತ್ತದೆ ಎಂದು ಹೇಳಿಕೊಂಡು ಬಂದಿದ್ದೆ. ಅವರು ಒಪ್ಪಲಿಲ್ಲ. ದಪ್ಪ ಆಯಿಲ್ ಬೆಳಿಗ್ಗೆಯ ತಣ್ಣನೆ ಇಂಜಿನ್ನಿನಲ್ಲಿ ಟರ್ಬೊ ತನಕ ಹೋಗುವುದು ತಡ. ಇಂಜಿನ್ನಿಗೆ ಗಾಳಿ ಒತ್ತುವ ಈ ಟರ್ಬೊ ಒಳಗಿನ ಕಡ್ಡಿ ನಿಮಿಷಕ್ಕೆ ಲಕ್ಷ ಸುತ್ತು ತಿರುಗುವುದು ಕೂದಲೆಳೆಯಷ್ಟು ಆಯಿಲ್ಲಿನ ಮೇಲೆ ತೇಲಿಕೊಂಡು. ಆಯಿಲ್ ಒಂದು ಚಣ ತಪ್ಪಿದರೂ ಅದರ ಕಥೆ ಮುಗಿಯಿತು. ಆದ್ದರಿಂದ ಪುಸ್ತಕದಲ್ಲಿ ಬರೆದಿರುವ ತೆಳು ದರ್ಜೆಯೇ ಬೇಕು. ಅದರಲ್ಲೇ ಫುಲ್ ಸಿಂಥೆಟಿಕ್, ಕೊಳೆ ಬಿಡಿಸುವ ಗುಣ ಚೆನ್ನಾಗಿರುವುದು. ಹತ್ತು ಸಾವಿರ ಕಿಲೋಮೀಟರ್ ಓಡುವವರೆಗೂ ಬಿಡದೆ, ಮೂರು ಸಾವಿರಕ್ಕೇ ಫಿಲ್ಟರ್ ಸಮೇತ ತೆಗೆದುಬಿಡಬೇಕು. ಹಾಗೆ ಮೂರು ಸಲ.

"ಅಷ್ಟು ನಿಧಾನಾನಾ ಯಜಮಾನ್ರೇ?" ಎಂದಳು ಆಶಾರಾಣಿ.

"ಹೊಗೆಸೊಪ್ಪು ಮುರಿದ ಕೈ ನೋಡಿದೀಯಲ್ಲ ತಾಯಿ. ಆ ಅಂಟನ್ನ ಒಂದೇ ದಿನಕ್ಕೆ ಕೆರೆಯಾಕೋದ್ರೆ ಚರ್ಮ ಕಿತ್ತು ಬತ್ತದೆ. ದಿನಾ ಸೋಪು ಹಾಕ್ಕೊಂಡು ಬಾ, ಅದೇ ಬುಡ್ತದೆ. ವರ್ಷಗಟ್ಲೆ ಕೂತಿರೋ ಕೊಳೆಗೆ ಅವಸರ ಮಾಡಬಾರ್ದು."

ಅವಳು ಎಲ್ಲವನ್ನೂ ಬರೆದುಕೊಂಡಳು. ನಿಲ್ಲಿಸಿದ ಮೇಲೆ ಒಂದು ನಿಮಿಷ ಇಂಜಿನ್ ಆಡಲು ಬಿಟ್ಟು ಆಮೇಲೆ ಆಫ್ ಮಾಡು ಎಂದದ್ದನ್ನೂ ಬರೆದುಕೊಂಡಳು. ಆಯಿಲ್ ಡಬ್ಬಿ, ಫಿಲ್ಟರ್ ಕೊಂಡಳು. ಜೂನ್ ಏಳರ ಶನಿವಾರ ಬೆಳಿಗ್ಗೆ ಕಾರನ್ನೂ ಡಬ್ಬಿಯನ್ನೂ ನನ್ನ ಶೆಡ್ಡಿನಲ್ಲಿ ಬಿಟ್ಟು ಹೋದಳು. ಸಂಜೆ ತೆಗೆದುಕೊಂಡು ಹೋದಳು.

ಆ ದಿನ ಇಂಜಿನ್ನಿನಿಂದ ಹೊರಬಂದ ಕಪ್ಪನ್ನು ನಾನು ಚೆಲ್ಲಲಿಲ್ಲ. ಒಂದು ಗಾಜಿನ ಬಾಟಲಿಗೆ ತುಂಬಿದೆ. ಮೇಲೆ ಚೀಟಿ ಅಂಟಿಸಿ ತಾರೀಕು ಬರೆದೆ. ಶೆಡ್ಡಿನ ಬಾಗಿಲಿಗೆ ನೇತುಹಾಕಿದೆ. ಹ್ಯಾಂಡ್‌ಪೋಸ್ಟಿನಲ್ಲಿ ಬಸ್ಸಿಳಿದವರು ಯಾರು ಕೇಳಿದರೂ ಹೇಳುತ್ತಿದ್ದೆ: ಇದು ಹುಣಸೂರಿನ ಶಿವಶಂಕರ್ ಮಾರಿದ ಕಾರಿನ ಹೊಟ್ಟೆಯಲ್ಲಿದ್ದದ್ದು, ನೋಡಿಕೊಳ್ಳಿ.

ಯಾಕೆ ಅಂತ ಕೇಳಿ.

* * *

ಶಿವಶಂಕರ್ ಹುಣಸೂರಿನಲ್ಲಿ ಹಳೇ ಕಾರು ವ್ಯಾಪಾರ ಮಾಡುವವನು. ಸ್ವಂತ ಗ್ಯಾರೇಜೂ ಇದೆ. ಎರಡು ವರ್ಷದ ಹಿಂದೆ ಒಬ್ಬರಿಗೆ ಕಾರು ನೋಡಿಕೊಡಲು ಅಲ್ಲಿಗೆ ಹೋಗಿ ಗೇರ್‌ಬಾಕ್ಸ್ ಸರಿಯಿಲ್ಲ ಎಂದಿದ್ದೆ. ಅವನು ಹತ್ತು ಜನರ ಎದುರು ನಕ್ಕು ಹೇಳಿದ. "ಗದ್ದೆ ಉಳೋ ಟಿಲ್ಲರ್ ಹೊಟ್ಟೆ ತೊಳೆಯೋ ಕೈ ಕಣಣ್ಣ ನಿಂದು. ಕಾರು ಮುಟ್ಬೇಡ, ದೂರ ನಿಂತ್ಕೊಂಡು ನೋಡು."

ಹತ್ತು ಜನವೂ ನಕ್ಕರು. ಆ ನಗು ಪಿರಿಯಾಪಟ್ಟಣದವರೆಗೂ ಕೇಳಿಸಿತ್ತು. ಅಂದಿನಿಂದ ನಾನು ಹುಣಸೂರಿನ ಕಡೆಗೆ ತಲೆಯಿಟ್ಟು ಮಲಗಿಲ್ಲ. ಏಳುನೂರ ಮೂವತ್ತು ದಿನ ಲೆಕ್ಕ ಇಟ್ಟಿದ್ದೇನೆ. ಹಾವು ಹನ್ನೆರಡು ವರ್ಷ ಸೇಡು ಇಟ್ಟುಕೊಳ್ಳುತ್ತದಂತೆ. ಹಾವಿಗೆ ಅದನ್ನು ಕಲಿಸಿದವನು ನಾನು.

ಹಾಗಾಗಿ ಆರೋಪಿಯ ಹೆಸರು ಸೋಮವಾರವೇ ನನಗೆ ಗೊತ್ತಿತ್ತು. ಬೇಕಾಗಿದ್ದದ್ದು ಸಾಕ್ಷಿ ಮಾತ್ರ.

ಮಂಗಳವಾರ ಬೆಳಿಗ್ಗೆ ಹುಣಸೂರಿಗೆ ಹೋದೆ. ಶಿವಶಂಕರ್ ನನ್ನ ಪ್ರಶ್ನೆಗಳಿಗೆ ಹೆದರಿ ಒಂದು ಬಕೆಟ್ ಬೆವರಿದ ಎಂದು ಬರೆಯುವ ಆಸೆ ನನಗೆ. ಅವನು ಟೀ ತರಿಸಿದ. ಕಾರಿನ ಕಾಗದ ಮುಂದಿಟ್ಟ. ಕೆ.ಆರ್. ನಗರದ ಆಚೆ ಮಿರ್ಲೆಯ ನಿವೃತ್ತ ಮೇಷ್ಟ್ರೊಬ್ಬರ ಕಾರದು. ಒಳಗೆ ಕಂದು ಹಿಡಿದಿದೆ ಎಂದು ಅವಳಿಗೆ ತಾನೇ ಹೇಳಿದ್ದೆ, ಅದಕ್ಕೆ ಬೆಲೆಯನ್ನೂ ಇಳಿಸಿದ್ದೆ, ಪುಟ್ಟಮಲ್ಲಪ್ಪನವರನ್ನು ಕೇಳು ಎಂದು ಕಳಿಸಿದ್ದೂ ತಾನೇ ಎಂದ.

ಸುಳ್ಳು ಎಂದುಕೊಂಡು ಸೀದಾ ಮಿರ್ಲೆಗೆ ಹೋದೆ. ಮೇಷ್ಟ್ರು ಜಗಲಿಯಲ್ಲಿ ಪೇಪರ್ ಓದುತ್ತಿದ್ದರು. ಕಾರನ್ನು ಮನೆಯಿಂದ ಶಾಲೆಗೆ, ಶಾಲೆಯಿಂದ ಮನೆಗೆ ಮಾತ್ರ ಓಡಿಸುತ್ತಿದ್ದರಂತೆ. ಎರಡು ಕಿಲೋಮೀಟರ್. ಇಂಜಿನ್ ಸರಿಯಾಗಿ ಬಿಸಿಯಾಗುವ ಮುಂಚೆಯೇ ಆಫ್. ಆಯಿಲ್ ಬದಲಿಸುವುದು ಎರಡು ವರ್ಷಕ್ಕೊಮ್ಮೆ, ಅದೂ ನೆನಪಾದರೆ. ವಾರ್ನಿಷ್ ಕೂತದ್ದು ಹೀಗೆ. ಅಲಕ್ಷ್ಯ ಹೌದು. ಕೊಲೆಯಲ್ಲ.

ನನಗೆ ಬೇಜಾರಾಯಿತು. ಮೇಷ್ಟ್ರು ಸ್ವಲ್ಪವಾದರೂ ಸುಳ್ಳು ಹೇಳಬಹುದಿತ್ತು.

* * *

ಸಂಜೆ ಶೆಡ್ಡಿಗೆ ವಾಪಸ್ ಬಂದಾಗ ಆಶಾರಾಣಿ ಕಾಯುತ್ತಿದ್ದಳು. ಕೈಯಲ್ಲಿ ಅದೇ ಪ್ಲಾಸ್ಟಿಕ್ ಕವರು. ಗಂಟು ಬಿಚ್ಚಿ ಟವಲನ್ನು ನನ್ನ ಮೂಗಿಗೆ ಹಿಡಿದಳು.

"ಏನ್ ವಾಸನೆ ಚೆಲುವಣ್ಣ?"

"ಆಯಿಲ್ಲು."

"ಇನ್ನೊಂದು ಸಲ ನೋಡಿ."

ನೋಡಿದೆ. ಅವಳೇ ಹೇಳಿದಳು. "ಡೀಸೆಲ್ಲು. ನನ್ನದು ಪೆಟ್ರೋಲ್ ಗಾಡಿ."

ಆಯಿಲ್ಲಿಗೆ ಯಾರೋ ಡೀಸೆಲ್ ಸೇರಿಸಿದ್ದಾರೆ. ಡೀಸೆಲ್ ಸೇರಿದರೆ ಆಯಿಲ್ ನೀರಾಗುತ್ತದೆ. ನೀರಾದ ಆಯಿಲ್ಲು ಟರ್ಬೊ ಕಡ್ಡಿಯನ್ನು ತೇಲಿಸಲಾರದು. ಇಷ್ಟು ಅವಳೇ ಯೋಚಿಸಿಕೊಂಡು ಬಂದಿದ್ದಳು. ಯಾರು ಎಂಬುದು ಮಾತ್ರ ಉಳಿದಿತ್ತು.

ನನ್ನ ಮೆದುಳು ಆಗ ವಿಮಾನದ ವೇಗದಲ್ಲಿ ಓಡಿತು. ನಂಜುಂಡೇಶ. ಅವನದು ಡೀಸೆಲ್ ವ್ಯಾನು. ಹಿಂದಿನ ಸೀಟಿನ ಕೆಳಗೆ ಯಾವಾಗಲೂ ಡೀಸೆಲ್ ಕ್ಯಾನು. ಕಾರು ಕೆಟ್ಟು ಎರಡೇ ನಿಮಿಷಕ್ಕೆ ಪ್ರತ್ಯಕ್ಷ. ಕೆಲಸ ತಪ್ಪಿದರೆ ಸಿಗುವುದೂ ಅವನಿಗೇ. ಇದಕ್ಕಿಂತ ಹೆಚ್ಚು ಬೇಕೇ?

ಇಬ್ಬರೂ ಹೋಗಿ ಟ್ಯಾಕ್ಸಿ ಸ್ಟ್ಯಾಂಡಿನಲ್ಲಿ ಅವನನ್ನು ಹಿಡಿದೆವು. ಪ್ರತಿ ಸೋಮವಾರ ಅದೇ ಹೊತ್ತಿಗೆ ಬ್ಯಾಂಕಿನವರನ್ನು ಕರೆದುಕೊಂಡು ಬರಲು ಮೈಸೂರಿಗೆ ಹೋಗುತ್ತೇನೆ, ಬೇಕಾದರೆ ಅವರನ್ನೇ ಕೇಳಿ ಎಂದ. ನಾಲ್ವರನ್ನು ಕರೆದೊಯ್ದದ್ದಕ್ಕೆ ಒಂದು ರೂಪಾಯಿ ಮುಟ್ಟಿಲ್ಲ ಎಂದ. ಆಮೇಲೆ ಬೀಡಿ ಎಸೆದು ಆಶಾರಾಣಿಯ ಮುಖ ನೋಡಿದ.

"ನಿನ್ ಕೆಲ್ಸದ ಮ್ಯಾಲೆ ನಂಗೆ ಕಣ್ಣಿತ್ತು ಕಣಕ್ಕ, ಸುಳ್ಳೇಳಕಿಲ್ಲ. ಅದಕ್ಕೇಂತ ಡೀಸೆಲ್ ಹುಯ್ಯೋವಷ್ಟು ದೊಡ್ಡ ಸಾವ್ಕಾರ ಅಲ್ಲ ನಾನು. ನನ್ ಗಾಡಿಗೇ ಸಾಲಕಿಲ್ಲ."

ಅವಳು ಬಹಳ ಹೊತ್ತು ಅವನನ್ನೇ ನೋಡಿದಳು. ಆಮೇಲೆ ಅವನ ಕೈ ನೋಡಿದಳು. ತನ್ನ ಕಾರಿನ ಬಾನೆಟ್ ತೆರೆಯುವ ಹಿಡಿ ಎಲ್ಲಿದೆ ಎಂದು ಕೇಳಿದಳು. ಅವನು ತಪ್ಪು ಹೇಳಿದ. ಅವಳ ಕಾರಿನ ಹಿಡಿ ಎಡಕ್ಕಿಲ್ಲ, ಬಲಕ್ಕಿದೆ. ಆ ಬಾನೆಟ್ಟನ್ನು ಅವನು ತೆರೆದೇ ಇಲ್ಲ ಎಂದಾಯಿತು.

ಹಿಂದಿರುಗುವಾಗ ನಾನು ಹೊಸ ಸಿದ್ಧಾಂತ ಹೆಣೆದೆ. ಶಿವಶಂಕರ್ ಕೊಳೆ ಕಾರು ಮಾರಿದ್ದಾನೆ. ಮರ್ಯಾದೆ ಹೋಗುತ್ತದೆ ಎಂದು ಹೆದರಿ, ಓಡಿಸಿದವಳ ಮೇಲೆ ತಪ್ಪು ಹಾಕಲು, ತನ್ನ ಗ್ಯಾರೇಜಿನವರ ಕೈಯಲ್ಲಿ ಡೀಸೆಲ್ ಹೊಯ್ಯಿಸಿದ್ದಾನೆ. ನಾನು ಹೇಳುತ್ತಾ ಹೋದೆ. ಹ್ಯಾಂಡ್‌ಪೋಸ್ಟ್ ಬರುವಷ್ಟರಲ್ಲಿ ಅವನ ಮೇಲೆ ಹದಿನೇಳು ಕೊಲೆ ಕೇಸು ಬಿದ್ದಿತ್ತು.

"ಗುರುವಾರ ಎಲ್ರ ಮುಂದೆ ಹೇಳ್ತೀರಾ?" ಎಂದಳು ಆಶಾರಾಣಿ.

"ನಡುಬೀದೀಲಿ ಹೇಳ್ತೀನಿ."

"ಹೇಳಿ. ನಾನೂ ಬತ್ತೀನಿ."

* * *

ಗುರುವಾರ ಸಂಜೆ ಐದು ಗಂಟೆ. ನನ್ನ ಶೆಡ್ಡಿನ ಮುಂದೆ ಹತ್ತು ಸಾವಿರ ಜನ ಸೇರಿದ್ದರು. ಎಣಿಸಿದರೆ ಹದಿನಾಲ್ಕು ಇರಬಹುದು. ಬಸವಮ್ಮ ಪ್ಲಾಸ್ಟಿಕ್ ಕುರ್ಚಿಯ ಮೇಲೆ ಕೂತಿದ್ದಳು. ಪಕ್ಕದಲ್ಲಿ ಮಗ ಮಹೇಶ್‌ಕುಮಾರ್. ಉಳಿದ ಮೂರು ಮನೆಯವರು, ನಂಜುಂಡೇಶ, ಹುಣಸೂರಿನಿಂದ ಪುಟ್ಟಮಲ್ಲಪ್ಪನವರು. ಶಿವಶಂಕರ್ ಇಸ್ತ್ರಿ ಮಾಡಿದ ಬಿಳಿ ಅಂಗಿ ಹಾಕಿಕೊಂಡು ಬಂದಿದ್ದ. ಏಳುನೂರ ಮೂವತ್ತು ದಿನ ಕಾದ ಗಳಿಗೆ.

ನಾನು ಒಂದು ಗಂಟೆ ಮಾತಾಡಿದೆ. ಮಿರ್ಲೆಯ ಮೇಷ್ಟ್ರಿಂದ ಶುರುಮಾಡಿ ಶಿವಶಂಕರನ ಸಂಚಿನವರೆಗೂ ಬಂದೆ. ಕೊನೆಗೆ ಬಾಗಿಲಿನ ಬಾಟಲಿಯನ್ನು ಬಿಚ್ಚಿ ಮೇಲೆತ್ತಿದೆ. ಕಪ್ಪು ನೀರಿನಲ್ಲಿ ಕಂದು ಚೂರುಗಳು ತೇಲಾಡುತ್ತಿದ್ದವು.

"ನೋಡ್ಕಳಿ ಇವನ ಯೋಗ್ಯತೆ. ಇಂಥಾ ಕೊಳೆ ಹೊಟ್ಟೇಲಿಟ್ಕೊಂಡು ಕಾರು ಮಾರವ್ನೆ."

ಶಿವಶಂಕರ್ ನೆಲ ನೋಡುತ್ತಿದ್ದ. ನಾಚಿಕೆಯಿಂದ ಎಂದುಕೊಂಡೆ.

ಆಶಾರಾಣಿ ಎದ್ದು ನಿಂತಳು.

"ಚೆಲುವಣ್ಣ, ಈ ಬಾಟ್ಲಿ ಯಾವತ್ತು ತುಂಬಿದ್ದು?"

"ಚೀಟಿ ಓದು. ಜೂನ್ ಏಳು. ಆಯಿಲ್ ಬದಲಾಯಿಸಿದ ದಿನವೇ."

"ಆಮೇಲೆ ಯಾರಾದ್ರೂ ಬಿಚ್ಚಿದ್ರಾ?"

"ಯಾರ ಕೈಗೂ ಕೊಟ್ಟಿಲ್ಲ. ದೇವರಾಣೆ."

"ನೀವೇ ತುಂಬಿದ್ದಾ?"

"ನನ್ನ ಕೈಯಾರೆ."

ಅವಳು ಬಾಟಲಿಯನ್ನು ತೆಗೆದುಕೊಂಡು ಮಹೇಶ್‌ಕುಮಾರನ ಕೈಗೆ ಕೊಟ್ಟಳು. ಮುಚ್ಚಳ ತೆಗೆದು ಮೂಸಲು ಹೇಳಿದಳು. ಅವನು ಮೂಸಿದ. ನನ್ನ ಮುಖ ನೋಡಿದ. ಮತ್ತೆ ಮೂಸಿದ.

"ಡೀಸೆಲ್ಲು," ಎಂದ.

ನಾನು ಬಾಟಲಿಗೆ ಕೈ ಚಾಚಿದೆ.

ಪುಟ್ಟಮಲ್ಲಪ್ಪನವರು ಬಂದು ಬಾಟಲಿಯಿಂದ ಒಂದು ತೊಟ್ಟನ್ನು ಹಳೇ ಪೇಪರಿನ ಮೇಲೆ ಬಿಟ್ಟರು. ಪಕ್ಕದಲ್ಲಿ ಬರೀ ಹಳೇ ಆಯಿಲ್ಲಿನ ಒಂದು ತೊಟ್ಟು. ಆಯಿಲ್ ಕೂತಲ್ಲೇ ಕೂತಿತ್ತು. ಬಾಟಲಿಯದು ಕ್ಷಣದಲ್ಲಿ ಅಂಗೈಯಗಲ ಹರಡಿತು. ಅವರು ಪೇಪರನ್ನು ಎಲ್ಲರಿಗೂ ತೋರಿಸಿದರು.

ಆಶಾರಾಣಿಯ ದನಿ ಏರಲಿಲ್ಲ. "ಬೇರೆಯವರು ಹುಯ್ದಿದ್ರೆ ಕಾರು ಈ ಶೆಡ್ಡಿಂದ ಆಚೆಗೆ ಬಂದ ಮೇಲೆ ಹುಯ್ಬೇಕು. ಈ ಬಾಟ್ಲಿ ತುಂಬಿದ್ದು ಕಾರು ಇನ್ನೂ ಒಳಗಿದ್ದಾಗ. ಅಂದ್ರೆ ಡೀಸೆಲ್ ಬಿದ್ದಿದ್ದು ಇಲ್ಲೇ. ಬಾಗಿಲಿಗೆ ತೂಗಾಕಿದ ಮೊದಲನೇ ದಿನದಿಂದ ನಾನು ಇದನ್ನ ದಿನಾ ನೋಡ್ತಿದ್ದೆ. ಯೋಚ್ನೆ ಹೊಳೆದಿದ್ದು ಮಾತ್ರ ಮೊನ್ನೆ, ಟವಲು ಮೂಸಿದ ಮ್ಯಾಲೆ. ಒಳ್ಳೆ ಆಯಿಲ್ಲು ಮೂರು ಸಲಕ್ಕೆ ಬಿಡಿಸೋ ಕೊಳೆ ಒಂದೇ ದಿನಕ್ಕೆ ಚೂರುಚೂರಾಗಿ ಹೆಂಗೆ ಬಂತು ಅಂತ."

ಕೈಚೀಲದಿಂದ ಒಂದು ಸ್ಟೀಲ್ ಟಿಫನ್ ಡಬ್ಬಿ ತೆಗೆದಳು. ಅದರೊಳಗೆ ಇಂಜಿನ್ನಿನ ತಳದಲ್ಲಿರುವ ಆಯಿಲ್ ಜರಡಿ. ಬುಧವಾರವೇ ಕಾರನ್ನು ಹುಣಸೂರಿಗೆ ಎಳೆಸಿಕೊಂಡು ಹೋಗಿ ಶಿವಶಂಕರನ ಗ್ಯಾರೇಜಿನಲ್ಲಿ ಬಿಚ್ಚಿಸಿದ್ದಳು. ಜರಡಿಯ ಕಣ್ಣೆಲ್ಲ ಕಂದು ಚೂರುಗಳಿಂದ ಮುಚ್ಚಿಹೋಗಿತ್ತು. ದೋಸೆ ಕಾವಲಿ ಕೆರೆದು ತೆಗೆದ ಸೀಕಲಿನಂತೆ.

ಬಾಕಿಯದನ್ನು ಪುಟ್ಟಮಲ್ಲಪ್ಪನವರು ವಿವರಿಸಿದರು. ಟಿಲ್ಲರು ಟ್ರ್ಯಾಕ್ಟರುಗಳಿಗೆ ಹೊಸ ಆಯಿಲ್ ಹಾಕುವ ಮುಂಚೆ ಡೀಸೆಲ್ ತುಂಬಿ, ಹತ್ತು ನಿಮಿಷ ಓಡಿಸಿ, ಬಸಿದು ಹೊಟ್ಟೆ ತೊಳೆಯುವುದು ನಮ್ಮ ಕಡೆಯ ಹಳೇ ಪದ್ಧತಿ. ಟಿಲ್ಲರ್ ತಡೆದುಕೊಳ್ಳುತ್ತದೆ. ಟರ್ಬೊ ತಡೆಯುವುದಿಲ್ಲ. ಡೀಸೆಲ್ಲು ವಾರ್ನಿಷನ್ನು ಕರಗಿಸಲಿಲ್ಲ, ಹಪ್ಪಳದಂತೆ ಎಬ್ಬಿಸಿತು. ಅರ್ಧ ಹೊರಗೆ ಬಂತು. ಅರ್ಧ ಒಳಗೇ ಉಳಿಯಿತು. ಉಳಿದ ಡೀಸೆಲ್ಲು ಒಳ್ಳೆಯ ಆಯಿಲ್ಲನ್ನು ತೆಳ್ಳಗೆ ಮಾಡಿತು. ಒಂಬತ್ತು ದಿನ ಚೂರುಗಳು ಒಂದೊಂದಾಗಿ ಜರಡಿಗೆ ಬಂದು ಕೂತವು. ಹಂಪಾಪುರದಲ್ಲಿ ಜರಡಿ ಪೂರ್ತಿ ಕಟ್ಟಿಕೊಂಡಿತು. ಟರ್ಬೊಗೆ ಆಯಿಲ್ ಹೋಗಲಿಲ್ಲ.

ಬಸವಮ್ಮ ಕುರ್ಚಿಯಿಂದಲೇ ಮಗನಿಗೆ ಹೇಳಿದಳು. "ದೀಪ ಹತ್ತಿದ ಕಡೆಗೇ ನಿಲ್ಸುದ್ಲು ಕಣ್ಲಾ. ದಿನಾ ಆಫ್ ಮಾಡೋಕೆ ಮುಂಚೆ ಒಂದು ನಿಮಿಷ ಎಣಿಸ್ತಾಳೆ. ನಂಗೂ ಎಣಿಸಿ ಎಣಿಸಿ ಅಭ್ಯಾಸ ಆಗೈತೆ. ನೀನು ನನ್ನ ಕೇಳ್ಲೇ ಇಲ್ಲ."

ಎಲ್ಲರೂ ನನ್ನತ್ತ ತಿರುಗಿದರು.

ಕಾರಿಗೆ ದೆವ್ವ ಹಿಡಿದಿತ್ತು ಎನ್ನೋಣ ಎನಿಸಿತು. ಡಬ್ಬಿಯ ಆಯಿಲ್ಲೇ ನಕಲಿ ಎನ್ನೋಣ ಎನಿಸಿತು. ಬಾಯಿ ತೆರೆದೆ. ಟವಲು, ಬಾಟಲಿ, ಪೇಪರು, ಜರಡಿ ನಾಲ್ಕೂ ಒಂದೇ ಬೆಂಚಿನ ಮೇಲೆ ಸಾಲಾಗಿ ಕೂತಿದ್ದವು. ಬಾಯಿ ಮುಚ್ಚಿದೆ.

* * *

ನಿಮ್ಮಿಂದಲೂ ಮುಚ್ಚಿಟ್ಟಿದ್ದೆ. ಇನ್ನು ಆಗುವುದಿಲ್ಲ.

ಡೀಸೆಲ್ ಹಾಕಿದವನು ನಾನು. ಅವಳ ಮೇಲೆ ನನಗೆ ಹಗೆಯಿರಲಿಲ್ಲ. ಅವಳು ಹೇಳಿದಂತೆ ಮಾಡಿದ್ದರೆ ಮೊದಲ ದಿನ ಬರೀ ಕಪ್ಪು ಆಯಿಲ್ ಬರುತ್ತಿತ್ತು, ಎಲ್ಲ ಕಾರಿನಲ್ಲೂ ಬರುವಂಥದ್ದು. ಅದನ್ನು ತೂಗುಹಾಕಿದರೆ ಯಾರು ನೋಡುತ್ತಾರೆ? ನನಗೆ ಚೂರುಗಳು ಬೇಕಾಗಿದ್ದವು. ಶಿವಶಂಕರನ ಹೆಸರಿನ ಪಕ್ಕ ನೇತುಹಾಕಲು ಕಣ್ಣಿಗೆ ಕಾಣುವಂಥ ಕೊಳೆ ಬೇಕಾಗಿತ್ತು. ಮೂರು ಆಯಿಲ್ ಬದಲಾವಣೆಯವರೆಗೆ ಕಾಯುವ ತಾಳ್ಮೆ ನನ್ನ ಸೇಡಿಗಿರಲಿಲ್ಲ. ನಾಲ್ಕು ಲೀಟರ್ ಡೀಸೆಲ್ ಸುರಿದೆ. ಆಮೇಲೆ ಅದನ್ನು ಬಸಿದು ಅವಳ ಒಳ್ಳೆಯ ಆಯಿಲ್ಲನ್ನು ಹಾಕಿದೆ. ಅದರಲ್ಲಿ ಒಂದು ತೊಟ್ಟೂ ಕದಿಯಲಿಲ್ಲ. ಅದೊಂದನ್ನು ಹೇಳಿಕೊಳ್ಳಬಹುದು ಎಂದುಕೊಂಡಿದ್ದೆ. ಹೇಳಿಕೊಳ್ಳಲು ಅದರಲ್ಲಿ ಏನೂ ಇಲ್ಲ.

ಹಂಪಾಪುರದಲ್ಲಿ ಡಿಪ್‌ಸ್ಟಿಕ್ ಮೂಸಿದಾಗಲೇ ನನಗೆ ಗೊತ್ತಾಗಿತ್ತು. ಗೊತ್ತಿದ್ದೂ, ಹೆಂಗಸಿನ ಕಾಲು ಭಾರ ಎಂದು ಆಡಿಕೊಂಡ ಜನರ ಮುಂದೆ ತಪ್ಪು ನನ್ನದು ಎನ್ನದೆ, ಕೊಲೆ ಎಂದು ಕೂಗಿ ಬೇರೆಯವರತ್ತ ಬೆರಳು ತೋರಿಸಿದೆ. ಡೀಸೆಲ್ಲಿಗಿಂತ ದೊಡ್ಡ ತಪ್ಪು ಅದು.

ಇಷ್ಟನ್ನೂ ಶೆಡ್ಡಿನ ಮುಂದೆ ನಿಂತು ಹೇಳಿದೆ. ಹೇಳಿ ಮುಗಿಸಿ, ಅವಳು ಹೊಡೆಯಲಿ ಎಂದು ಕಾದೆ. ಅವಳು ಹೊಡೆಯಲಿಲ್ಲ.

"ಚೆಲುವರಾಜು ಅವ್ರೇ," ಎಂದಳು. ಅಣ್ಣ ಹೋಗಿತ್ತು. "ನಾಡಿದ್ದು ಶನಿವಾರದಿಂದ ಹುಣಸೂರಿಗೆ ಹೋಗಿ. ಶಿವಶಂಕರ್ ಸರ್ ಗ್ಯಾರೇಜಲ್ಲಿ ನನ್ನ ಇಂಜಿನ್ ಸರಿಯಾಗೋವರೆಗೂ ಹೆಲ್ಪರ್ ಕೆಲ್ಸ ಮಾಡಿ. ಅಲ್ಲಿ ಮೆಕ್ಯಾನಿಕ್ ಹೇಳಿದ್ದು ಮಾಡ್ಬೇಕು, ಎದುರು ಮಾತಾಡಂಗಿಲ್ಲ. ಸಾಮಾನಿನ ಖರ್ಚೂ ನಿಮ್ದೇ."

ಶಿವಶಂಕರ್ ನಗಲಿಲ್ಲ. ನಕ್ಕಿದ್ದರೆ ನಾನು ಬದುಕಿಕೊಳ್ಳುತ್ತಿದ್ದೆ. ಬೆಳಿಗ್ಗೆ ಎಂಟಕ್ಕೆ ಬನ್ನಿ ಎಂದಷ್ಟೇ ಹೇಳಿ ಒರೆಸುವ ಬಟ್ಟೆಯೊಂದನ್ನು ನನ್ನ ಕೈಗೆ ಕೊಟ್ಟ.

"ಇನ್ನೊಂದು," ಎಂದಳು ಆಶಾರಾಣಿ. "ನನ್ನ ಡ್ರೈವಿಂಗ್ ಮ್ಯಾಲೆ ಮಾತಾಡಿದ ಜಾಗಕ್ಕೆಲ್ಲ ನನ್ ಜೊತೆ ಬರ್ಬೇಕು. ನೀವೇ ಹೇಳ್ಬೇಕು. ಎರಡೇ ಮಾತು. ಮೂರನೇ ಮಾತು ಬಂದ್ರೆ ಮೊದಲಿಂದ."

ಯಾವುದು ಹೆಚ್ಚು ನೋಯುತ್ತದೆ ಎಂದು ಅವಳಿಗೆ ಸರಿಯಾಗಿ ಗೊತ್ತಿತ್ತು.

ಮಹೇಶ್‌ಕುಮಾರ್ ಅವಳ ಹತ್ತಿರ ಬಂದು ಕೆಲಸ ನಿಮ್ಮದೇ ಅಕ್ಕ ಎಂದ. ಕಾರು ಸಿದ್ಧವಾಗುವ ತನಕ ವ್ಯಾನನ್ನು ಅವಳೇ ಓಡಿಸಲಿ, ಬಾಡಿಗೆ ಮಾತ್ರ ಕೊಟ್ಟರೆ ಸಾಕು ಎಂದು ನಂಜುಂಡೇಶ ಗೊಣಗಿಕೊಂಡೇ ಒಪ್ಪಿದ.

ಶುಕ್ರವಾರ ಬೆಳಿಗ್ಗೆ ಅದೇ ವ್ಯಾನು ಹಂಪಾಪುರದ ಟೀ ಅಂಗಡಿಯ ಮುಂದೆ ನಿಂತಿತು. ಸ್ಟೇರಿಂಗಿನಲ್ಲಿ ಆಶಾರಾಣಿ. ಹಿಂದೆ ನಾಲ್ವರು ರೋಗಿಗಳು. ನಾನು ಇಳಿದೆ. ಟೀ ಅಂಗಡಿಯವನು ಲೋಟ ತೊಳೆಯುತ್ತಿದ್ದ. ಬೆಂಚಿನ ಮೇಲೆ ಐದಾರು ಜನ ಇದ್ದರು, ಅಂದು ತಲೆದೂಗಿದವರೇ.

"ಆವತ್ತು ಸೋಮವಾರ," ಎಂದು ಶುರುಮಾಡಿದೆ, "ಮೈಸೂರು ಜಿಲ್ಲೆಯಲ್ಲೇ ಯಾರೂ ಕಂಡುಕೇಳರಿಯದಂಥ..."

ಆಶಾರಾಣಿ ವ್ಯಾನಿನ ಕಿಟಕಿಯಿಂದ ಕೈ ಹೊರಗೆ ಹಾಕಿ ಗಡಿಯಾರ ನೋಡಿಕೊಂಡಳು.

ನಾನು ನಿಲ್ಲಿಸಿದೆ. ಮೊದಲಿನಿಂದ ಹೇಳಿದೆ.

"ಇಂಜಿನ್ ಕೆಡಿಸಿದ್ದು ನಾನು. ಆಯಮ್ಮ ಓಡಿಸಿದ್ದರಲ್ಲಿ ತಪ್ಪಿಲ್ಲ."

ಟೀ ಅಂಗಡಿಯವನು ಲೋಟ ಕೆಳಗಿಟ್ಟು ನನ್ನನ್ನೇ ನೋಡಿದ. ಇನ್ನೂ ಏನೋ ಇದೆ ಎಂದು ಕಾದ.

"ಅಷ್ಟೇನಾ?" ಎಂದ.

"ಅಷ್ಟೇ," ಎಂದೆ.